ಮಂಜಿನಲ್ಲಿ ಹೋದ ಕರು

ಪೀಣ್ಯ, ಬೆಂಗಳೂರು
೧೨ ಡಿಸೆಂಬರ್ ೧೯೮೨, ಭಾನುವಾರ

ಪ್ರೀತಿಯ ತಾತನಿಗೆ ನಾಣಿಯ ನಮಸ್ಕಾರಗಳು.

ಪಚ್ಚಿಗೆ ಬರುತ್ತಿದ್ದ ಕಾಗದಗಳು ತಾವಾಗಿಯೇ ನಿಲ್ಲಲಿಲ್ಲ ತಾತ. ನಾನು ನಿಲ್ಲಿಸಿದೆ. ಎಂಟು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಇದು. ಮೊದಲು ಕ್ಷೇಮ ವಿಚಾರಿಸಿ ಆಮೇಲೆ ಸುದ್ದಿ ಬರೆಯಬೇಕು ಎಂದು ನೀವೇ ಕಲಿಸಿದ್ದೀರಿ. ಹಾಗೆ ಶುರು ಮಾಡಿದ್ದರೆ ಕ್ಷೇಮ ಕೇಳುವುದರಲ್ಲೇ ಹಾಳೆ ಮುಗಿಸಿ ಮಡಚಿಬಿಡುತ್ತಿದ್ದೆ. ಈಗ ಕೇಳುತ್ತೇನೆ. ನಿಮ್ಮ ಮಂಡಿನೋವು ಹೇಗಿದೆ? ಕೈ ನಡುಕ ಹೆಚ್ಚಾಗಿದೆಯೇ? ಚಿಂತಾಮಣಿಯ ಚಳಿಗೆ ಪ್ರಭಾ ಅತ್ತೆ ಮಫ್ಲರ್ ಹೆಣೆದುಕೊಟ್ಟಿದ್ದಾರೆ ಎಂದು ಅಮ್ಮ ಹೇಳಿದಳು. ದಯವಿಟ್ಟು ಕಟ್ಟಿಕೊಳ್ಳಿ. ಅತ್ತೆ ನೋಡುವಾಗ ಮಾತ್ರ ಕಟ್ಟಿಕೊಂಡು, ಅವರು ಅಡುಗೆಮನೆಗೆ ಹೋದ ಮೇಲೆ ಕುರ್ಚಿಗೆ ನೇತುಹಾಕುವುದು ಬೇಡ. ಅಮ್ಮ ಚೆನ್ನಾಗಿದ್ದಾಳೆ. ಅಪ್ಪ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ, ಆದರೆ ನನ್ನ ಗಿಟಾರಿನ ತಂತಿ ಕಡಿದಾಗ ಫ್ಯಾಕ್ಟರಿಯಿಂದ ಒಂದು ಸುರುಳಿ ತಂತಿ ತಂದು ಮೇಜಿನ ಮೇಲಿಟ್ಟು ಹೋದರು. ಅದು ಗಿಟಾರಿಗೆ ಆಗುವ ತಂತಿಯಲ್ಲ. ನಾನು ಹಾಗೆ ಹೇಳಲಿಲ್ಲ.

ನಾನು ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲೇ ನಿಮ್ಮ ಕಥೆಗಳಲ್ಲಿ ಜಾಣ ಪಚ್ಚಿ ಹುಟ್ಟಿದ್ದ. ಅಪ್ಪ ಬೆಳೆದದ್ದು ಅವನನ್ನು ಓದಿಕೊಂಡು, ನಮ್ಮ ಕ್ಲಾಸಿಗೆ ಪಾಠವಾಗಿ ಬಂದವನೂ ಅವನೇ. ಐದು ಗಂಟೆಗೆ ಏಳುವವನು, ಹಾಲು ಚೆಲ್ಲದವನು, ಸುಳ್ಳು ಹೇಳದವನು. ಮಕ್ಕಳು ‘ಪಚ್ಚಿ, ಜಾಲಹಳ್ಳಿ’ ಎಂದಷ್ಟೇ ಬರೆದರೂ ಕಾಗದ ಆಗ ನೀವು ನಮ್ಮೊಡನಿದ್ದ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಬಂದು ಮುಟ್ಟುತ್ತಿತ್ತು. ನಿಮ್ಮ ಕೈ ನಡುಗುತ್ತಿದ್ದುದರಿಂದ ನೀವು ಹೇಳುತ್ತಿದ್ದಿರಿ, ನಾನು ಬರೆಯುತ್ತಿದ್ದೆ. ಏಳೂವರೆಗೆ ಅಮ್ಮನಿಂದ ಮುಖಕ್ಕೆ ನೀರು ಎರಚಿಸಿಕೊಂಡು ಏಳುತ್ತಿದ್ದ ನಾನು, ‘ನಾನು ಐದಕ್ಕೇ ಏಳುತ್ತೇನೆ, ನೀನೂ ಏಳು’ ಎಂದು ಬರೆದು ಕೆಳಗೆ ‘ನಿನ್ನ ಗೆಳೆಯ ಪಚ್ಚಿ’ ಎಂದು ಸಹಿ ಹಾಕುತ್ತಿದ್ದೆ. ಸ್ಕೂಲಿನಲ್ಲಿ ‘ಏನ್ ಪಚ್ಚಿ, ಹಾಲು ಕುಡ್ಕೊಂಡ್ ಬಂದ್ಯಾ?’ ಎಂದು ಕೇಳದವರಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಸ್ಕೂಲು ಬಿಟ್ಟದ್ದಕ್ಕೆ ಅದೂ ಒಂದು ಕಾರಣ. ಪೂರ್ತಿ ಅದನ್ನೇ ಹೇಳಿದರೆ ತಪ್ಪಾಗುತ್ತದೆ. ಬೀಜಗಣಿತ ನನ್ನ ತಲೆಗೆ ಹತ್ತಲಿಲ್ಲ, ಗಿಟಾರು ಹತ್ತಿತು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಆನೇಕಲ್ಲಿನಿಂದ ಕೃಷ್ಣಮ್ಮ ಎಂಬ ಹುಡುಗಿ ಬರೆದಿದ್ದಳು, ನೆನಪಿದೆಯೇ? ನಾಲ್ಕನೇ ಕ್ಲಾಸಿನಲ್ಲಿ ಫೇಲಾಗಿದ್ದೇನೆ, ಮನೆಯಲ್ಲೇ ಮಗು ನೋಡಿಕೊಂಡಿರು ಅಂತಾರೆ, ನೀನು ಯಾವತ್ತೂ ಫೇಲಾಗಲ್ಲವಲ್ಲ, ಅದು ಹೇಗೆ ಎಂದು ಕೇಳಿದ್ದಳು. ನೀವು ಎಂದಿನಂತೆ ‘ಐದಕ್ಕೆ ಏಳು, ನನ್ನಂತೆ ಆಗು’ ಎಂದು ಹೇಳಿ ಕಣ್ಣು ಮುಚ್ಚಿದಿರಿ. ನಾನು ಬರೆದದ್ದು ಬೇರೆ. ‘ನಾನು ಪಚ್ಚಿ ಅಲ್ಲ, ನಾಣಿ. ಲೆಕ್ಕದಲ್ಲಿ ನನಗೆ ನೂರಕ್ಕೆ ಹದಿಮೂರು. ಪಚ್ಚಿ ಎನ್ನುವವನು ಇಲ್ಲವೇ ಇಲ್ಲ, ನಮ್ಮ ತಾತ ಕಟ್ಟಿದ್ದು.’ ಅಂಟಿಸಿ ಡಬ್ಬಿಗೆ ಹಾಕಿ, ನೀಲಗಿರಿ ಮರಗಳ ರಸ್ತೆಯಲ್ಲಿ ವಾಪಸು ಬರುವಾಗ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಮನೆ ಹತ್ತಿರವಾದ ಹಾಗೆ ಭಯ ಶುರುವಾಯಿತು. ಅವಳ ಉತ್ತರ ನಿಮ್ಮ ಕೈಗೆ ಸಿಕ್ಕಿದರೆ? ಮಾರನೆಯ ದಿನದಿಂದ ನೀರಿನ ಟ್ಯಾಂಕಿನ ತಿರುವಿನಲ್ಲಿ ನಿಂತು ಪೋಸ್ಟ್‌ಮನ್ ನರಸಿಂಹಯ್ಯನವರನ್ನು ಕಾಯತೊಡಗಿದೆ. ‘ಪಚ್ಚಿ ನೀನೇ ತಾನೆ, ತಗೊಳಪ್ಪ’ ಎಂದು ಕಟ್ಟು ಪೂರ್ತಿ ಕೊಟ್ಟುಬಿಡುತ್ತಿದ್ದರು. ಆಗ ಮಾತ್ರ ನಾನು ಪಚ್ಚಿ ಅಲ್ಲ ಎಂದು ಹೇಳಲಿಲ್ಲ. ಕಾಗದಗಳು ಬಚ್ಚಲ ಒಲೆಗೆ ಹೋದವು. ಮಾಸಪತ್ರಿಕೆಯ ನಿಮ್ಮ ಧಾರಾವಾಹಿಯಲ್ಲಿ ಪಚ್ಚಿಯ ಕರು ಹಗ್ಗ ಬಿಚ್ಚಿಕೊಂಡು ರೈಲುಹಳಿ ದಾಟಿ ಮಂಜಿನೊಳಗೆ ಹೋದದ್ದು ಆ ತಿಂಗಳೇ. ಮುಂದಿನ ಕಂತು ಬರಲಿಲ್ಲ. ‘ಮಕ್ಕಳಿಗೇ ಬೇಡವಾದ ಮೇಲೆ ಯಾರಿಗೆ ಬರೆಯಲಿ?’ ಎಂದು ನೀವು ಸಂಪಾದಕರಿಗೆ ಹಾಕಿಸಿದ ಕಾರ್ಡು ನನ್ನದೇ ಅಕ್ಷರದಲ್ಲಿತ್ತು. ಡಬ್ಬಿಗೆ ಹಾಕಿದವನೂ ನಾನೇ.

ಈಗ ಸುದ್ದಿ. ನಾನೊಂದು ಸಿನಿಮಾ ಮಾಡಿದ್ದೇನೆ ತಾತ. ದೆವ್ವದ ಸಿನಿಮಾ. ದೆವ್ವ ನೀವು. ಹೆಸರು ನಿಮ್ಮದಿಲ್ಲ, ಆದರೆ ಜಾಲಹಳ್ಳಿಯವರು ನೋಡಿದರೆ ಆ ಕನ್ನಡಕ, ಆ ಶಲ್ಯ ಯಾರದೆಂದು ಒಂದೇ ಗಳಿಗೆಯಲ್ಲಿ ಗುರುತು ಹಿಡಿಯುತ್ತಾರೆ. ನಮ್ಮ ರಾಕ್ ತಂಡ ಅಂದರೆ ನಾನು ಮತ್ತು ಡ್ರಮ್ಸ್ ಬಾರಿಸುವ ಹನುಮಯ್ಯ, ಇಬ್ಬರೇ. ಅವನ ಅಪ್ಪ ಬೈರಪ್ಪನವರು ರಾಗಿ ಹೊಲವಿದ್ದ ಜಾಗದಲ್ಲಿ ಶೆಡ್ಡು ಕಟ್ಟಿಸಿ, ಬಾಡಿಗೆದಾರ ಬರುವ ತನಕ ನಮಗೆ ಬಿಟ್ಟಿದ್ದಾರೆ. ‘ರಾಗಿ ಬೆಳ್ದಿದ್ರೆ ಗುಬ್ಬಿನಾದ್ರೂ ಬರ್ತಿದ್ವು, ನಿಮ್ ಸದ್ದಿಗೆ ನಾಯಿನೂ ಬರಲ್ಲ’ ಎಂದು ಬಾಗಿಲಲ್ಲಿ ನಿಂತು ನಗುತ್ತಾರೆ. ಬೆಳಗಿನ ಹೊತ್ತು ಶೀಟಿನ ತೂತುಗಳಿಂದ ಬಿಸಿಲು ಕಾಸಿನಗಲದ ಚುಕ್ಕೆಗಳಾಗಿ ನೆಲಕ್ಕೆ ಬೀಳುತ್ತದೆ. ಪಕ್ಕದ ಶೆಡ್ಡಿನ ಲೇತು ಯಂತ್ರ ಒಂದೇ ಸ್ವರ ಹಿಡಿದು ಗುಂಯ್‌ಗುಡುತ್ತದೆ, ನಾನು ಅದಕ್ಕೆ ಶ್ರುತಿ ಸೇರಿಸಿ ನುಡಿಸುತ್ತೇನೆ. ಕಣ್ಣು ಮುಚ್ಚಿಕೊಂಡರೆ ಶೆಡ್ಡು ನೆಲ ಬಿಟ್ಟು ಮೆಲ್ಲಗೆ ಮೇಲೇಳುತ್ತಿದೆ ಅನ್ನಿಸುತ್ತದೆ. ಅಲ್ಲಿ ಹೊಳೆದದ್ದು ಈ ಸಿನಿಮಾ. ಮಾತಿಲ್ಲ. ಪರದೆಯ ಮೇಲೆ ಚಿತ್ರ ಓಡುವಾಗ ಪಕ್ಕದಲ್ಲಿ ನಿಂತು ನಾವು ನುಡಿಸುವುದು. ಅಪ್ಪನ ಸ್ನೇಹಿತರೊಬ್ಬರು ಜರ್ಮನಿಗೆ ಟ್ರೈನಿಂಗಿಗೆ ಹೋದಾಗ ತಂದಿದ್ದ ಎಂಟು ಮಿಲಿಮೀಟರ್ ಕ್ಯಾಮೆರಾ ಕೇಳಿ ತಂದೆ.

ಕಥೆ ಇಷ್ಟೆ. ಒಬ್ಬ ಮುದುಕ ಕಥೆಗಾರ ಹೇಳುತ್ತಾ ಹೋಗುತ್ತಾನೆ, ಎದುರಿಗೆ ಕೂತ ಹುಡುಗ ಬರೆಯುತ್ತಾ ಹೋಗುತ್ತಾನೆ. ಒಂದೊಂದು ಕಾಗದ ಮುಗಿದಾಗಲೂ ಹುಡುಗನ ಕೈ ಅಷ್ಟಷ್ಟು ಬೆಳ್ಳಗಾಗಿ, ಕೊನೆಗೆ ಅವನು ಪೂರ್ತಿ ಕಾಗದವಾಗುತ್ತಾನೆ. ಅಷ್ಟರೊಳಗೆ ಅವನು ಬೇರೆ ಮಕ್ಕಳನ್ನು ಕಥೆಗಾರನ ಕೈಗೆ ಸಿಗದ ಹಾಗೆ ಉಳಿಸಬೇಕು. ಅದಕ್ಕೇ ಪೋಸ್ಟ್‌ಮನ್ನನನ್ನು ತಡೆದು ಅವರ ಕಾಗದಗಳನ್ನು ಕಸಿದುಕೊಳ್ಳುತ್ತಾನೆ. ಹುಡುಗನ ಪಾತ್ರ ನನ್ನದೇ. ಮುಖ ತೋರಿಸಿಲ್ಲ, ಕೈ ಮತ್ತು ನೆರಳು ಮಾತ್ರ. ಕೈಗೆ ಅಕ್ಕಿಗಂಜಿ ಬಳಿದುಕೊಂಡು ಬಿಸಿಲಿಗೆ ಒಡ್ಡಿದರೆ ಒಣಗಿ ಬಿರಿಯುತ್ತದೆ, ನೋಡುವುದಕ್ಕೆ ಚೆನ್ನಾಗಿ ಭಯವಾಗುತ್ತದೆ.

ಕಥೆಗಾರನ ಪಾತ್ರ ಮಾಡಿದವರು ಪಕ್ಕದ ಶೆಡ್ಡಿನ ವಾಚ್‌ಮನ್ ಲಕ್ಷ್ಮಣಪ್ಪ. ಅವರು ಊರಿನ ಪೌರಾಣಿಕ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿದವರು. ‘ಎದ್ರುಸ್ಬೇಕು ಅಂದ್ರೆ ಒಂದು ಕಿರೀಟನಾದ್ರೂ ಕೊಡು ಸೋಮಿ. ಬರೀ ಕನ್ನಡ್ಕ ಇಕ್ಕಂಡು ಯಾರನ್ನ ಎದ್ರುಸ್ಲಿ?’ ಎಂದು ಮೊದಲ ದಿನವೇ ಜಗಳ. ಹೇಗೋ ಒಪ್ಪಿಸಿದೆ. ಕಥೆಗಾರ ಜಗಲಿಯಲ್ಲಿ ಕೂತು, ಬಲೆಯ ನಡುವೆ ಕೂತ ಜೇಡದ ಹಾಗೆ, ಮಕ್ಕಳ ಕಾಗದಗಳಿಗೆ ಕಾಯುವ ದೃಶ್ಯ ಒಂದಿದೆ. ಮಂಜು ಇಳಿದಿದ್ದ ಒಂದು ಬೆಳಿಗ್ಗೆ ಅದನ್ನು ತೆಗೆಯಲು ಕುರ್ಚಿ ಹಾಕಿದೆವು. ಲಕ್ಷ್ಮಣಪ್ಪ ಕೂತುಕೊಂಡು, ‘ಈವಯ್ಯ ಯಾರ್ನ ಕಾಯ್ತಾವ್ನೆ?’ ಎಂದರು. ಪೋಸ್ಟ್‌ಮನ್ನನನ್ನು ಎಂದೆ. ‘ಬತ್ತಾನಾ?’ ಇಲ್ಲ ಎಂದೆ. ‘ಬರಾಕಿಲ್ಲ ಅಂತ ಈವಯ್ಯಂಗೆ ಗೊತ್ತಾ?’ ಗೊತ್ತಿಲ್ಲ ಎಂದೆ. ‘ಇಂಗೆ ಕಾಯೋನು ಎಂಗಪ್ಪ ಎದ್ರುಸ್ತಾನೆ?’ ಎಂದರು. ಅಷ್ಟರಲ್ಲಿ ಹನುಮಯ್ಯ ಕ್ಯಾಮೆರಾ ಓಡಿಸಿಬಿಟ್ಟಿದ್ದ. ಮಂಜಿನಾಚೆ ಯಾರದೋ ಸೈಕಲ್ ಗಂಟೆ ಕೇಳಿಸಿತು, ಹಾಲಿನವನದಿರಬೇಕು. ಲಕ್ಷ್ಮಣಪ್ಪ ಅರ್ಧ ಎದ್ದರು. ಶಲ್ಯ ಸರಿಮಾಡಿಕೊಂಡರು. ಸೈಕಲ್ ನಿಲ್ಲದೆ ಹೋಯಿತು. ಆಗ ಅವರು, ಕುರ್ಚಿಯ ಧೂಳು ಕೊಡವುವುದಕ್ಕೇ ಎದ್ದವರ ಹಾಗೆ, ಕೈಯಿಂದ ಎರಡು ಸಲ ಒರೆಸಿ ಮತ್ತೆ ಕೂತರು.

ನೀವು ಹಾಗೆಯೇ ಮಾಡುತ್ತಿದ್ದಿರಿ ತಾತ. ದಿನಾ ಮಾಡುತ್ತಿದ್ದಿರಿ. ಲಕ್ಷ್ಮಣಪ್ಪ ನಿಮ್ಮನ್ನು ಕಂಡವರಲ್ಲ, ನಾನು ಹೇಳಿಕೊಟ್ಟದ್ದೂ ಅಲ್ಲ. ನಾನು ಆಗ ಕಾಗದಗಳನ್ನು ಅಂಗಿಯೊಳಗೆ ಸೇರಿಸಿಕೊಂಡು, ಗೇಟಿನ ಸಂದಿಯಿಂದ ನೋಡುತ್ತಿದ್ದೆ. ನೋಡಿ ಹಿತ್ತಿಲಿಗೆ ಹೋಗುತ್ತಿದ್ದೆ.

ಫಿಲಂ ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬರುವುದಕ್ಕೆ ಒಂದು ತಿಂಗಳಾಯಿತು. ಇವತ್ತು ಮಧ್ಯಾಹ್ನ ಶೆಡ್ಡಿನ ಷಟರ್ ಎಳೆದು, ತೂತುಗಳಿಗೆಲ್ಲ ರಟ್ಟು ಮುಚ್ಚಿ, ಬೈರಪ್ಪನವರ ಪಂಚೆಯನ್ನು ಗೋಡೆಗೆ ಕಟ್ಟಿ ನೋಡಿದೆವು. ಬಿಳಿಯ ಮಂಜು, ಅದರೊಳಗೊಂದು ಕುರ್ಚಿ. ಇಡೀ ಪೀಣ್ಯ ಕರಗಿಹೋಗಿ ಆ ಕುರ್ಚಿಯೊಂದೇ ತೇಲುತ್ತಿದ್ದ ಹಾಗಿತ್ತು. ನಾನು ನುಡಿಸುತ್ತಿದ್ದೆ, ಹನುಮಯ್ಯ ಬಾರಿಸುತ್ತಿದ್ದ. ಲಕ್ಷ್ಮಣಪ್ಪ ಅರ್ಧ ಎದ್ದು ಧೂಳು ಒರೆಸಿದಲ್ಲಿ ಅವನು ನಿಲ್ಲಿಸಿದ. ಮರುಕ್ಷಣ ನನ್ನ ಬಿಳಿಚಿದ ಕೈ ಬಂದು ಪೋಸ್ಟ್‌ಮನ್ನನ ಚೀಲಕ್ಕೆ ಇಳಿಯಿತು. ನಾನೂ ನಿಲ್ಲಿಸಿದೆ. ಕತ್ತಲಲ್ಲಿ ಹನುಮಯ್ಯ ಕೇಳಿದ: ‘ಮಗಾ, ತಾತನ್ನ ನೋಡಿದ್ರೆ ಏನೂ ಆಗಲ್ಲ ಕಣೋ. ಆ ಕೈ ಕಂಡ್ರೆ ಭಯ ಆಗುತ್ತೆ. ಇದ್ರಲ್ಲಿ ದೆವ್ವ ಯಾರೋ?’

ಹೊಸ ವರ್ಷದ ದಿನ ಟೌನ್‌ಶಿಪ್ಪಿನ ಸಭಾಂಗಣದಲ್ಲಿ ತೋರಿಸುತ್ತೇವೆಂದು ಹೇಳಿಯಾಗಿದೆ. ನೀವು ನೋಡುವ ಮೊದಲು ಇನ್ಯಾರಿಗೂ ತೋರಿಸುವುದಿಲ್ಲ. ನೋಡಿ ಬೇಡ ಎಂದರೆ ಸುರುಳಿಯನ್ನು ನಿಮ್ಮ ಕೈಗೇ ಕೊಟ್ಟು ಬರುತ್ತೇನೆ. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ನಾನೇ ಆ ಪದ ಬರೆದುಕೊಂಡು ನಾನೇ ಹಗುರಾಗುವುದು ಸರಿಯಲ್ಲ ಅನ್ನಿಸಿತು. ಕ್ಷಮೆ ಕೊಡುವುದು ಬಿಡುವುದು ನಿಮಗೆ ಸೇರಿದ್ದು. ಪ್ರಭಾ ಅತ್ತೆಗೆ ನಮಸ್ಕಾರ ಹೇಳಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಆಶೀರ್ವಾದ ಮಾಡಬೇಕೆಂದು ಅನ್ನಿಸಿದರೆ ಮಾಡಿ.

ನಿಮ್ಮ ಮೊಮ್ಮಗ,
ನಾಣಿ (ಪಚ್ಚಿ ಅಲ್ಲ)

ಮರೆತಿದ್ದ ಮಾತು: ಮರೆತಿದ್ದೆ ಎನ್ನುವುದು ಸುಳ್ಳು, ಬರೆಯುವ ಧೈರ್ಯವಿರಲಿಲ್ಲ. ಎಲ್ಲವನ್ನೂ ಸುಡಲಿಲ್ಲ. ಒಂದು ಕಾರ್ಡನ್ನು ಇಟ್ಟುಕೊಂಡಿದ್ದೆ, ಗಿಟಾರಿನ ಪೆಟ್ಟಿಗೆಯ ಬಟ್ಟೆಯಡಿಯಲ್ಲಿದೆ. ಆನೇಕಲ್ಲಿನ ಕೃಷ್ಣಮ್ಮನದು. ವಿಳಾಸದಲ್ಲಿ ಪಚ್ಚಿ ಎಂದಿಲ್ಲ, ನಿಮ್ಮ ಹೆಸರಿದೆ. ‘ತಾತ, ಪಚ್ಚಿ ಇಲ್ಲ ಅಂತ ನಾಣಿ ಬರೆದಿದ್ದಾನೆ. ಇಲ್ಲದಿದ್ದರೆ ಪರವಾಗಿಲ್ಲ. ಕರು ಮನೆಗೆ ಬಂತಾ? ಅಷ್ಟು ಮಾತ್ರ ಬರೆಯಿರಿ.’ ಅವಳಿಗೆ ನಿಜ ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ನಿಜ ಗೊತ್ತಾದ ಮೇಲೂ ಅವಳು ನಿಮ್ಮನ್ನು ಕೇಳಿದ್ದಳು. ಅದನ್ನು ಮುಚ್ಚಿಟ್ಟೆ. ಅವಳ ಅಡ್ರೆಸ್ಸಿನ ಶಾಯಿ ಇನ್ನೂ ಅಳಿಸಿಲ್ಲ. ಅವಳಿಗೆ ಉತ್ತರ ನೀವು ಹೇಳಿ, ನಾನು ಬರೆಯುತ್ತೇನೆ, ನೀವು ಹೇಳಿದ್ದನ್ನೇ. ಸಹಿ ಮಾತ್ರ ನಿಮ್ಮ ಕೈಯಿಂದಲೇ ಆಗಲಿ, ನಡುಗಿದರೂ ಸರಿ. ಈ ಕಾಗದವನ್ನು ಪೋಸ್ಟಿಗೆ ಹಾಕುತ್ತಿಲ್ಲ. ಬಾಯಲ್ಲಿ ಹೇಳಲಾರೆ, ಅದಕ್ಕೇ ಕೈಯಲ್ಲಿ ತರುತ್ತೇನೆ. ಕಾರ್ಡು, ಸುರುಳಿ, ಕೇಳಿ ತಂದ ಪ್ರೊಜೆಕ್ಟರು ಎಲ್ಲವೂ ಚೀಲದಲ್ಲಿವೆ. ನಾಳೆ ಬೆಳಿಗ್ಗೆ ಆರೂವರೆಯ ಚಿಂತಾಮಣಿ ಬಸ್ಸಿಗೆ ಹೊರಡುತ್ತೇನೆ.