ಅಪ್ಪ ಒತ್ತದ ಗರಿ

ಮಾರ್ಚ್ ೧೨, ಗುರುವಾರ

ಅಪ್ಪನನ್ನು ಇವತ್ತು ಶಾಲೆಗೆ ಕರೆದುಕೊಂಡು ಹೋಗಬಾರದಿತ್ತು. ಮೂವತ್ತು ವರ್ಷ ದನದ ಡಾಕ್ಟರಾಗಿದ್ದವರು, ರಣಹದ್ದಿನ ಪಾಠಕ್ಕೆ ಬಂದರೆ ಮಕ್ಕಳಿಗೆ ಖುಷಿ ಎಂದುಕೊಂಡೆ.

ಖುಷಿಯೇನೋ ಇತ್ತು. ನಾನು ಕಟ್ಟಿದ ಪದ್ಯವನ್ನು ಮಕ್ಕಳು ಕೂಗಿ ಕೂಗಿ ಹೇಳಿದರು: ‘ಬೋಳು ತಲೆ, ಬಾಗಿದ ಕೊಕ್ಕು, ಸತ್ತದ್ದೆಲ್ಲ ಇದರ ಹಕ್ಕು.’ ತಲೆ ಯಾಕೆ ಬೋಳು ಎಂದು ಕೇಳಿದರೆ, ‘ಹೆಡ್‌ಮಾಸ್ಟರ್‌ನ ಕೇಳ್ಬೇಕು ಮಿಸ್’ ಎಂದಿತು ಹಿಂದಿನ ಬೆಂಚು. ಆಮೇಲೆ ಅಂಗೈಗೆ ಕಂದು ಬಣ್ಣ ಬಳಿದು ಗೋಡೆಯ ಹಾಳೆಗೆ ಒತ್ತಿದರು. ಒಂದೊಂದು ಕೈಯೂ ರೆಕ್ಕೆಯ ಒಂದೊಂದು ಗರಿ.

ಪ್ರಾಸ ಸಿಕ್ಕ ಸಂಭ್ರಮದಲ್ಲಿ ನಾನು ಮುಂದಿನದನ್ನು ಯೋಚಿಸಿರಲಿಲ್ಲ. ದನಗಳ ನೋವಿಗೆ ಕೊಟ್ಟ ಔಷಧಿಯೊಂದು ಸತ್ತ ದನದ ಮೈಯಲ್ಲೇ ಉಳಿದು, ಅದನ್ನು ತಿಂದ ರಣಹದ್ದುಗಳನ್ನು ಕೊಂದಿತು ಎಂದುಬಿಟ್ಟೆ.

‘ಆ ಇಂಜೆಕ್ಷನ್ ಕೊಟ್ಟೋರು ಯಾರು ಮಿಸ್?’ ಎಂದಳು ಎರಡು ಜಡೆಯವಳು.

‘ನಾನೇ ಕಣಮ್ಮ’ ಎಂದರು ಅಪ್ಪ. ‘ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ.’

ಅವಳು ಬಣ್ಣದ ತಟ್ಟೆ ಹಿಡಿದು ಅವರ ಮುಂದೆ ನಿಂತಳು. ‘ಪರವಾಗಿಲ್ಲ ತಾತ, ನೀವೂ ಒಂದು ಗರಿ ಹಾಕಿ.’

‘ನನ್ನ ಕೈ ಬೇಡಮ್ಮ’ ಎಂದು ಅಪ್ಪ ಬಲಗೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಅವರ ಹತ್ತಿರ ಹೋಗುವ ಬದಲು ನಾನು ಚಪ್ಪಾಳೆ ತಟ್ಟಿ ಮತ್ತೊಮ್ಮೆ ಪದ್ಯ ಹೇಳಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ್ದು ಒಂದೇ ಮಾತು. ‘ರೆಕ್ಕೆ ತುಂಬಿತೇನೇ?’

ತುಂಬಿತು ಎಂದೆ. ತುಂಬಿಲ್ಲ. ತುದಿಯಲ್ಲಿ ಒಂದು ಕೈಯಗಲ ಜಾಗ ಬಿಟ್ಟು, ‘ಅದು ತಾತಂದು’ ಅಂತ ಆ ಹುಡುಗಿ ಯಾರಿಗೂ ಮುಟ್ಟಗೊಡಲಿಲ್ಲ. ನಾಳೆ ಅವಳು ‘ತಾತ ಎಲ್ಲಿ ಮಿಸ್?’ ಎಂದು ಕೇಳಿದರೆ ಏನು ಹೇಳಲಿ?