ಮಣಿಪಾಲದಲ್ಲಿ ಇಳಿದವನು

ಕಾಪು
ಜನವರಿ ೧೮, ೨೦೨೫

ಪ್ರೀತಿಯ ಲೀನಾ,

ಹೇಗಿದ್ದೀ? ಕ್ರಿಸ್‌ಮಸ್‌ಗೆ ನೀನು ದೋಹಾದಿಂದ ಕಳಿಸಿದ ಕಾರ್ಡ್ ಕೈಸೇರಿ ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಮೊನ್ನೆಯಿಂದಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನ್ ಮಾಡಿದರೆ ನಿನ್ನ ದನಿ ಕೇಳಿದ ಕೂಡಲೇ ಮಾತು ಬದಲಿಸಿಬಿಡುತ್ತೇನೆಂಬ ಹೆದರಿಕೆ. ಅದಕ್ಕೇ ಕಾಗದ.

ಮೊನ್ನೆ ಕಾರ್ಕಳದಲ್ಲಿ ಅತ್ತೆಯನ್ನು ನೋಡಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬಳು ಹುಡುಗಿ. ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಮೊಬೈಲಿನಲ್ಲಿ. ಬಿಸಿಲೆಂದು ಅವಳು ಜಾಗ ಬದಲಿಸಿದಳು. ಸ್ವಲ್ಪ ಹೊತ್ತಿಗೆ ಮಾಸ್ಕ್, ಟೋಪಿ ಹಾಕಿದ್ದ ಒಬ್ಬನೂ ಬದಲಿಸಿದ. ತೊಡೆಯ ಮೇಲಿಟ್ಟ ಅವನ ಮೊಬೈಲಿನ ಕ್ಯಾಮೆರಾ ಅವಳ ಕಡೆಗಿತ್ತು. ಕಂಡಕ್ಟರ್ ಗುಣಪಾಲನಿಗೆ ಮೆಲ್ಲಗೆ ತೋರಿಸಿದೆ.

"ಹೌದಕ್ಕ, ನಿನ್ನೆಯೂ ಇವಳು ಇಳಿದಲ್ಲೇ ಇಳಿದಿದ್ದ. ನನಗೂ ಎಂತದೋ ಸಂಶಯ ಉಂಟು."

ಮಣಿಪಾಲದಲ್ಲಿ ಅವಳು ಇಳಿದಳು, ಹಿಂದೆಯೇ ಅವನು. ನನ್ನ ಟಿಕೆಟ್ ಉಡುಪಿಗಿತ್ತು. ಆದರೂ ಇಳಿದೆ. ಅವಳ ಹೆಗಲಿಗೆ ಕೈಹಾಕಿ, ಬಾಯಿಗೆ ಬಂದ ಹೆಸರು ಹಿಡಿದು, "ಏ ಫಸೀಲಾ, ಎಷ್ಟು ಕರೆಯುವುದು ನಿನ್ನನ್ನು!" ಎಂದು ಜೋರಾಗಿ ಹೇಳಿ, ಆಮೇಲೆ ಇಯರ್‌ಫೋನ್ ಸರಿಸಿ ಕಿವಿಯಲ್ಲಿ, "ಹಿಂದೆ ಒಬ್ಬ ಬರ್ತಿದ್ದಾನೆ. ತಿರುಗಬೇಡ, ನನ್ನ ಜೊತೆ ಬಾ" ಎಂದೆ.

ಮೆಡಿಕಲ್ ಶಾಪಿನೊಳಗೆ ಹೊಕ್ಕೆವು. ಹುಡುಗಿಯ ಹೆಸರು ಅಶ್ವಿನಿ, ಮಣಿಪಾಲದಲ್ಲೇ ನರ್ಸಿಂಗ್ ಓದುತ್ತಾಳೆ. "ಯಾರೋ ಬೆನ್ನ ಹಿಂದ ಬಂದಂಗ ಅನಸ್ತಿತ್ರಿ ಅಕ್ಕಾರ. ನನ್ನ ಭ್ರಮಾ ಅನ್ಕೊಂಡಿದ್ದೆ."

ಅವನು ರಸ್ತೆಯಾಚೆ ನಿಂತು ನೀರು ಕುಡಿಯಲು ಮಾಸ್ಕ್ ಇಳಿಸಿದ. ನಾನು ಅವನ ಮುಖ ನೋಡಿದೆ. ಅವನೂ ನನ್ನನ್ನು ನೋಡಿದ. ತಕ್ಷಣ ರಿಕ್ಷಾ ಹತ್ತಿ ಹೋದ.

ಅಶ್ವಿನಿಯನ್ನು ಕಡಿಯಾಳಿಯ ಅವಳ ಮನೆಗೆ ಬಿಟ್ಟೆ. ಅವಳ ತಾಯಿ ಹುಲಿಗೆವ್ವ ಕಟ್ಟಡದ ಕೆಲಸದಿಂದ ಆಗಷ್ಟೇ ಬಂದಿದ್ದಳು, ಕೈಯಲ್ಲಿನ್ನೂ ಸಿಮೆಂಟು. "ಅವನ ಮಾರಿ ನೋಡೀರೇನ್ರಿ ಯವ್ವಾ? ಗುರ್ತು ಹಿಡೀತೀರೇನು?" ಎಂದು ಕೇಳಿದಳು. ನಾನು ಹೊತ್ತಾಯಿತೆಂದು ಹೇಳಿ ಎದ್ದು ಬಂದೆ.

ಅಂದಿನಿಂದ ಬಸ್ಸು ಹತ್ತಿದರೆ ಎಲ್ಲರ ಕೈಗಳನ್ನೇ ನೋಡುತ್ತೇನೆ. ನೀನೂ ಡ್ಯೂಟಿ ಮುಗಿಸಿ ಬರುವಾಗ ಸುತ್ತಮುತ್ತ ನೋಡಿಕೊಂಡು ನಡೆ. ದೇವರು ನಿನ್ನನ್ನು ಕಾಪಾಡಲಿ.

ಎಂದೂ ನಿನ್ನವಳೇ ಆದ
ಸಾಜಿದಾ

ಮರೆತದ್ದಲ್ಲ, ಬರೆಯಲಾಗದೆ ಉಳಿಸಿದ್ದು: ಅವನು ಕ್ಲಾಯ್ಡ್, ಲೀನಾ. ನಿನ್ನ ತಮ್ಮ. ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದು, "ಈ ಸಲವೂ ಯಾರಿಗೂ ಹೇಳಬೇಡ ಮಗಾ" ಎಂದರು. ಈ ಸಲವೂ! ಅಂದರೆ ಇದು ಮೊದಲ ಸಲವಲ್ಲ, ಹಿಂದೆಯೂ ಯಾರದೋ ಬಾಯಿ ಮುಚ್ಚಿಸಿದ್ದಾರೆ. ನಾಳೆ ಹುಲಿಗೆವ್ವನ ಜೊತೆ ಠಾಣೆಗೆ ಹೋಗುತ್ತೇನೆ. ಇದು ನಿನಗೆ ತಲುಪುವಾಗ ಅವನ ಹೆಸರು ಹೇಳಿಯಾಗಿರುತ್ತದೆ. ಆಮೇಲೂ ನೀನು ನನಗೆ ಬರೆಯುತ್ತೀಯಾ?