ಕಪ್ಪು ಬಿಚ್ಚಿಸುವ ಬಿಯರು

ಆಗಸ್ಟ್ 4, ಸೋಮವಾರ

ಇವತ್ತೂ ವ್ಯಾನಿನಲ್ಲಿ ಹಿಂದಿನ ಸೀಟೇ. ಪಕ್ಕದಲ್ಲಿ ಜಾಗ ಇದ್ದರೂ ಯಾರೂ ಕೂರಲಿಲ್ಲ. ಮೈಮೇಲೆ ವಿಧವೆಯ ಕಪ್ಪು ಬಟ್ಟೆ ಇದೆಯಲ್ಲ — ಸೋಕಿದರೆ ಅವರ ಗಂಡಂದಿರೂ ಸಾಯ್ತಾರೇನೋ!

ನನ್ನ ಗಂಡ ಲಿಂಡಾನಿ ತೀರಿಹೋಗಿ ವರ್ಷದ ಮೇಲೆ ಎರಡು ತಿಂಗಳಾಯ್ತು. ವರ್ಷ ತುಂಬಿದಾಗಲೇ ಈ ಕಪ್ಪು ಬಿಚ್ಚಿಸಬೇಕಿತ್ತು. ಬಿಚ್ಚಿಸೋಕೆ ಮನೇಲಿ ಬಿಯರು ಆಗಬೇಕು, ಸತ್ತ ಹಿರಿಯರಿಗೆ ಅದನ್ನ ಎರೆಯಬೇಕು. ಬಿಯರಿಗೆ ಪಾತ್ರೆ ಬೇಕು. ಪಾತ್ರೆಗಳೆಲ್ಲ ಅತ್ತೆ ಮನೇಲಿ.

ಸಂಜೆ ಹೋಗಿ ಕೇಳಿದೆ. ಅತ್ತೆ ಬಾಯಿ ಬಿಡಲಿಲ್ಲ. ಮೈದುನ ಭೇಕಾನಿ ಕಾಲು ಚಾಚಿ ಕೂತಿದ್ದ.

"ಅವಸರ ಏನು ಅತ್ತಿಗೆ? ನಾನು ಕೇಳಿದ್ದಕ್ಕೆ ಹ್ಞೂಂ ಅಂದ್ಬಿಡಿ. ಅಮ್ಮ ನಾಳೆನೇ ಒಲೆ ಹಚ್ತಾಳೆ."

ಅವನು ಕೇಳಿದ್ದು ಅಂದ್ರೆ... ಅಣ್ಣನ ಹೆಂಡತಿ ಇನ್ನು ತನ್ನ ಹೆಂಡತಿ. ಅಣ್ಣನ ಮನೆ ತನ್ನ ಮನೆ.

"ನಾಚಿಕೆ ಆಗಲ್ವೇನೋ ನಿಂಗೆ?" ಅಂದೆ. ನಕ್ಕ. ಹಲ್ಲು ಉದುರಿಸಬೇಕಿತ್ತು. ಸುಮ್ಮನೆ ಬಂದೆ.

ಆಗಸ್ಟ್ 9

ಬೇಡ. ಅವರ ಪಾತ್ರೆ ಅವರೇ ಇಟ್ಕೊಂಡು ಪೂಜೆ ಮಾಡಲಿ. ನಾನೇ ಮಾಡ್ತೀನಿ. ಏನು ಬೇಕು ಮಹಾ? ಅಂಬಲಿ ಬೇಯಿಸೋಕೆ ಒಂದು ಹಂಡೆ. ತೊಳಸೋಕೆ ಉದ್ದ ಕೋಲು. ಹುಳಿ ಬರಿಸೋಕೆ ಡ್ರಮ್ಮು. ಹುಲ್ಲಿನ ಸೋಸುಚೀಲ. ಕೊಡೋಕೆ ಕರಿ ಮಡಕೆ — ಪ್ಲಾಸ್ಟಿಕ್ ಮಗ್ಗಿನಲ್ಲಿ ಕೊಟ್ಟರೆ ಹಿರಿಯರು ಬರ್ತಾರಾ?

ಎಶೋವೆ ಸಂತೆಗೆ ಹೋದೆ. ಮಡಕೆಯವಳು ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಹಿಂದೆ ಸರಿದಳು. ಅಲ್ಲೇ ಒಡೆದು ಬರೋಣ ಅನ್ನಿಸ್ತು. ಆದ್ರೆ ಬೇಕಿತ್ತಲ್ಲ, ತಗೊಂಡೆ. ಸೋಸುಚೀಲ ಮಾತ್ರ ಎಲ್ಲೂ ಸಿಗಲಿಲ್ಲ.

ಆಗಸ್ಟ್ 14

ಮೆಕ್ಕೆಜೋಳದ ಹಿಟ್ಟು, ಮೊಳಕೆ ಜೋಳದ ಹಿಟ್ಟು, ಎರಡನ್ನೂ ನಿನ್ನೆನೇ ಕಲಸಿಟ್ಟಿದ್ದೆ. ಇವತ್ತು ಬೇಯಿಸಿ ಆರಿಸಿ ಮತ್ತೆ ಮೊಳಕೆ ಹಿಟ್ಟು ಹಾಕಿ ಡ್ರಮ್ಮಿಗೆ ಸುರಿದೆ. ತೋಳು ಬಿದ್ದುಹೋಗಿದೆ.

ನಮ್ಮಲ್ಲಿ ಬಿಯರಿನ ವಾಸನೆ ಬಂದರೆ ಸಾಕು, ಕರೀದೇ ಜನ ಬಂದು ಅಂಗಳದಲ್ಲಿ ಕೂರ್ತಾರೆ. ಬೇಡ ಅನ್ನೋ ಹಾಗಿಲ್ಲ. ಅವರ ಬಾಯಿಂದ ಭೇಕಾನಿ ಕಿವಿಗೆ. ಅದಕ್ಕೇ ಮುಚ್ಚಳ ಬಿಗಿಯಾಗಿ ತಿರುಗಿಸಿ, ಹಗ್ಗ ಬಿಗಿದು, ಮೇಲೆ ಕಲ್ಲು ಹೇರಿದ್ದೀನಿ. ಬರಲಿ ವಾಸನೆ, ನೋಡೋಣ.

ಆಗಸ್ಟ್ 15

ಢಂ ಅಂತು. ಗೋಡೆ, ಸೂರು, ನನ್ನ ತಲೆ — ಎಲ್ಲಾ ಅಂಬಲಿ.

ಪಕ್ಕದ ಮನೆ ಮಾಗುಮೇಡೆ ದೊಣ್ಣೆ ಹಿಡ್ಕೊಂಡು ಓಡಿಬಂದಳು. ಯಾರೋ ಗುಂಡು ಹಾರಿಸಿದ್ರು ಅಂದ್ಕೊಂಡಳಂತೆ. ನೋಡಿ ದೊಣ್ಣೆ ಬಿಸಾಕಿ ನಗೋಕೆ ಶುರು.

"ಅಯ್ಯೋ ಮಾಬಿಯೇಲಾ, ಏನೇ ಇದು! ಹುಳಿ ಬರೋದನ್ನ ಉಸಿರು ಕಟ್ಟಿಸಿದ್ರೆ ಒದೀದೇ ಇರುತ್ತೇನೇ? ಬಿಯರು ಬಚ್ಚಿಡೋ ಹೆಂಗಸನ್ನ ಇವತ್ತೇ ಕಣೇ ನೋಡಿದ್ದು."

ನನಗೆ ಅಳು ಬಂತು. ಸಿಟ್ಟಿಗೆ, ದುಃಖಕ್ಕಲ್ಲ. ಎಲ್ಲಾ ಹೇಳಿದೆ. ಅವಳ ನಗು ನಿಂತಿತು.

"ಕದ್ದು ಯಾಕೆ ಮಾಡ್ತೀಯ? ಊರಿಗೆಲ್ಲ ಹೇಳಿ ಮಾಡು. ಜನ ಬಂದು ಕೂತ ಮೇಲೆ ನಿನ್ನ ಅತ್ತೆ ಮನೆಯವರು ಹೇಗೆ ಬರಲ್ಲ ನಾನೂ ನೋಡ್ತೀನಿ. ನಿನ್ನ ದೊಡ್ಡ ಮಾವನಿಗೆ ನಾನೇ ಹೇಳಿ ಬರ್ತೀನಿ, ಮನೆತನಕ್ಕೆ ಅವರೇ ಹಿರಿಯರಲ್ವಾ. ಸೋಸುಚೀಲ ನನ್ನದು ಇದೆ, ತಗೋ."

ಕೈಗೇ ಕೊಟ್ಟಳು.

ಆಗಸ್ಟ್ 29

ಈ ಸಲ ಮುಚ್ಚಳ ಇಲ್ಲ. ಕಂಬಳಿ ಹೊದಿಸಿದ್ದೀನಿ, ಅಷ್ಟೇ. ವಾಸನೆ ಬೀದಿ ತುಂಬಾ. ಭೇಕಾನಿ ಬಂದೇ ಬಂದ. ಬಾಗಿಲು ಒದ್ದ.

"ಯಾರನ್ನ ಕೇಳಿ ಮಾಡಿದ್ದು?"

"ನನ್ನ ಹಂಡೆ, ನನ್ನ ಒಲೆ. ನಿನ್ನನ್ನ ಕೇಳಬೇಕಾ?"

"ವಿಧವೆ ಮುಟ್ಟಿದ್ದು ಕೊಳೆಯುತ್ತೆ ಕಣೇ!"

ಅತ್ತಿಗೆ ಹೋಗಿ ಕಣೇ ಆಯ್ತು. "ಕೊಳೆತಿದ್ದರೆ ನೀನು ಕುಡೀಬೇಡ, ನಡಿ!" ತೊಳಸೋ ಕೋಲು ಕೈಯಲ್ಲೇ ಇತ್ತು. ಹೋದ.

ಆಗಸ್ಟ್ 30, ಶನಿವಾರ

ಎಲ್ಲಾ ಬಂದರು. ಅತ್ತೆಯೂ. ದೊಡ್ಡ ಮಾವ ಹಿರಿಯರನ್ನ ಹೆಸರು ಹಿಡಿದು ಕರೆದು ಎರೆದರು. ಆಮೇಲೆ ಮಡಕೆ ನಡುವೆ ಬಂತು. ಬಿಯರು ಕೊಡೋ ಮನೆಯವರೇ ಮೊದಲ ಗುಟುಕು ಕುಡಿದು ತೋರಿಸಬೇಕು, ವಿಷ ಇಲ್ಲ ಅಂತ. ನಾನು ಏಳೋದರೊಳಗೆ ಭೇಕಾನಿ ಮಡಕೆಗೆ ಕೈ ಹಾಕಿದ. ಮನೆ ಯಜಮಾನ ಅಂತೆ!

ದೊಡ್ಡ ಮಾವ ತಲೆ ಎತ್ತಿದರು. "ನೀನು ಮಾಡಿದ್ದೇನೋ ಇದು?"

ಅವನು ಬಿಡಲಿಲ್ಲ. ಆಗ ಅತ್ತೆ ಅಂದರು — "ಮಡಕೆ ಬಿಡು ಭೇಕಾನಿ. ಅವಳದು ಅದು."

ಖುಷಿ ಆಗಬೇಕಿತ್ತು. ಮೈಯೆಲ್ಲ ಉರೀತು. ಇಷ್ಟು ದಿನ ಎಲ್ಲಿಟ್ಟಿದ್ದರು ಈ ನಾಲಿಗೆನ? ಮಡಕೆ ಎತ್ತಿ ಕುಡಿದೆ. ಚೆನ್ನಾಗೇ ಆಗಿತ್ತು.

ಹಿತ್ತಲಲ್ಲಿ ಬೆಂಕಿ ಹಾಕಿದರು. ಹೆಂಗಸರು ಸುತ್ತ ನಿಂತರು, ಕಪ್ಪು ಬಿಚ್ಚಿ ಅದಕ್ಕೆ ಹಾಕಿದೆ. ಕಂಬಳಿ ಸುತ್ಕೊಂಡು ನಿಂತಿದ್ದಾಗ ಭೇಕಾನಿ ಒಂದು ಪ್ಯಾಕೆಟ್ ಹಿಡ್ಕೊಂಡು ಬಂದ. ಕೆಂಪು ಫ್ರಾಕು.

"ಇದನ್ನ ಹಾಕ್ಕೋ. ನಾನು ತಂದಿದ್ದು."

ಎಲ್ಲರ ಎದುರಿಗೆ. ಅವನು ತಂದದ್ದು ಹಾಕ್ಕೊಂಡರೆ ಅವನವಳು ಆದ ಹಾಗೇ. ಕೈ ಚಾಚಿ ತಗೊಂಡೆ. ಮುಖ ಅರಳಿತು ಅವನದು. ಬೆಂಕಿಗೆ ಎಸೆದೆ. ಕಪ್ಪಿಗಿಂತ ಬೇಗ ಹತ್ಕೊಂಡಿತು.

ಈಗ ಒಳಗೆ ಚಿಲಕ ಹಾಕ್ಕೊಂಡು ಬರೀತಿದ್ದೀನಿ. ಹೊರಗೆ ಅವನ ಅರಚಾಟ. ಮಾಗುಮೇಡೆ ಬಾಗಿಲು ಬಡೀತಿದ್ದಾಳೆ, "ಜನ ಕಾಯ್ತಿದ್ದಾರೆ ಕಣೇ, ಏನು ಹಾಕ್ಕೋತೀಯ?" ಪೆಟ್ಟಿಗೆ ತೆಗೆದೆ. ನೀಲಿ ಇದೆ. ಹಳದಿ ಇದೆ. ಇದೇ ಹಾಕ್ಕೋ ಅಂತ ಯಾರೂ ಹೇಳೋರಿಲ್ಲ. ತಡಿಯೇ, ಬಂದೆ... ಹಳದಿ —